ಗ್ಯಾಸ್ ಶುದ್ಧ ಇಂಧನ, ಹಾಗಿದ್ದರೂ ಸೈಲೆನ್ಸರಿನಲ್ಲಿ ಕನ್ವರ್ಟರ್ ಯಾಕೆ?

ಪ್ರಶ್ನೆ: ನನ್ನ ಮಗ ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾನೆ. ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಕಾರು ಇಟ್ಟುಕೊಂಡಿದ್ದಾನೆ. ಈಚೆಗೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆಂದು ವರ್ಕ್‌ಶಾಪಿಗೆ ಒಯ್ದಾಗ, ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿದೆ, ಹೊಸದಕ್ಕೆ ತುಂಬ ದುಡ್ಡಾಗುತ್ತದೆ, ಗ್ಯಾಸ್ ಹೇಗೂ ಶುದ್ಧ ಇಂಧನವಾದ್ದರಿಂದ ಅದನ್ನು ತೆಗೆಸಿಬಿಟ್ಟರೂ ನಡೆಯುತ್ತದೆ ಎಂದರಂತೆ. ಅವನ ಸ್ನೇಹಿತರು ಹೇಳುವುದು ಇದಕ್ಕೆ ತದ್ವಿರುದ್ಧ: ಗ್ಯಾಸ್ ಗಾಡಿಯಲ್ಲೇ ಕನ್ವರ್ಟರಿಗೆ ಹೆಚ್ಚು ಕಷ್ಟವಂತೆ. ಇಂಧನ ಶುದ್ಧವಾಗಿದ್ದರೆ ಅದಕ್ಕೆ ಕೆಲಸ ಕಡಿಮೆ ಇರಬೇಕಲ್ಲವೇ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತದೆ ಎಂದೂ ಹೇಳುತ್ತಾನೆ. ಕೊಚ್ಚಿಯ ತೇವದ ಹವೆಯಿಂದ ಕನ್ವರ್ಟರ್ ಒದ್ದೆಯಾಗಿ ಕೆಟ್ಟಿರಬಹುದೇ? ತಿರುವನಂತಪುರದಿಂದ ಎರ್ನಾಕುಳಂಗೆ ಎಲ್‌ಎನ್‌ಜಿ ಬಸ್ಸು ಓಡಿಸಿದ್ದರೆಂದು ಓದಿದ ನೆನಪು. ಅದರಲ್ಲೂ ಕನ್ವರ್ಟರ್ ಇರುತ್ತದೆಯೇ?
(ಕುಂಬಳೆಯ ಓದುಗರೊಬ್ಬರು)

ಉತ್ತರ: ಗ್ಯಾಸ್ ಗಾಡಿ ಇಟ್ಟುಕೊಂಡ ಹಲವರಿಗೆ ಈ ಸಂಶಯ ಬಂದಿರುತ್ತದೆ, ಆದರೆ ವರ್ಕ್‌ಶಾಪಿನ ಗಡಿಬಿಡಿಯಲ್ಲಿ ಯಾರನ್ನು ಕೇಳುವುದೆಂದು ಸುಮ್ಮನಾಗುತ್ತಾರೆ. ನಿಮ್ಮ ತರ್ಕವೂ ಸಹಜವಾದದ್ದೇ. ಕೊಳೆ ಕಡಿಮೆ ಇದ್ದರೆ ತೊಳೆಯುವ ಕೆಲಸವೂ ಕಡಿಮೆ ಇರಬೇಕು. ಆದರೆ ಮಗನ ಸ್ನೇಹಿತರು ಹೇಳಿದ್ದೇ ಸತ್ಯಕ್ಕೆ ಹತ್ತಿರ. ಗ್ಯಾಸಿನ ಹೊಗೆಯಲ್ಲಿ ಮಸಿ ತೀರ ಕಡಿಮೆ ನಿಜ, ಆದರೆ ಅದರಲ್ಲಿ ಉಳಿಯುವ ಒಂದು ವಸ್ತುವನ್ನು ಸುಡುವುದು ಕನ್ವರ್ಟರಿಗೆ ಎಲ್ಲಕ್ಕಿಂತ ಕಷ್ಟ. ಆ ವಸ್ತು ಬೇರೇನೂ ಅಲ್ಲ, ಎಂಜಿನ್ನಿನಲ್ಲಿ ಉರಿಯದೆ ತಪ್ಪಿಸಿಕೊಂಡ ಇಂಧನವೇ.

ಮೊದಲು ಕನ್ವರ್ಟರ್ ಏನು ಮಾಡುತ್ತದೆ ಎಂದು ನೋಡೋಣ. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಉಕ್ಕಿನ ಡಬ್ಬಿಯೊಳಗೆ, ಪಿಂಗಾಣಿಯಂಥ ವಸ್ತುವಿನ ಒಂದು ಇಟ್ಟಿಗೆ ಇರುತ್ತದೆ. ಅದರ ಉದ್ದಕ್ಕೂ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೊಳವೆಗಳು. ಒಂದು ಚದರ ಇಂಚಿನಲ್ಲಿ 400 ಕೊಳವೆಗಳಿರುವುದು ಸಾಮಾನ್ಯ. ಕೊಳವೆಗಳ ಗೋಡೆಗೆ ಅಲ್ಯೂಮಿನದ ಒರಟು ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಅತಿಸೂಕ್ಷ್ಮ ಕಣಗಳು. ಲೋಹದ ತೂಕ ಕೆಲವೇ ಗ್ರಾಂ, ಆದರೆ ಕನ್ವರ್ಟರಿನ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದು. ಹೊಗೆ ಈ ಕೊಳವೆಗಳ ಮೂಲಕ ಹಾಯುವಾಗ ಮೂರು ಕೆಲಸಗಳು ನಡೆಯಬೇಕು. ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಬೇಕು. ಅರೆಬರೆ ಉರಿದ ಇಂಧನ, ಅಂದರೆ ಹೈಡ್ರೊಕಾರ್ಬನ್, ಪೂರ್ತಿ ಉರಿಯಬೇಕು. ಎಂಜಿನ್ನಿನ ಶಾಖಕ್ಕೆ ಗಾಳಿಯ ಸಾರಜನಕವೇ ಸುಟ್ಟು ಆಗಿರುವ ನೈಟ್ರೋಜನ್ ಆಕ್ಸೈಡ್‌ಗಳು ಮತ್ತೆ ಸಾರಜನಕವಾಗಬೇಕು. ಈ ಮೂರನ್ನೂ ಒಟ್ಟಿಗೆ ಮಾಡುವುದರಿಂದ ಇದನ್ನು ತ್ರೀ-ವೇ ಕ್ಯಾಟಲಿಸ್ಟ್ ಎನ್ನುತ್ತಾರೆ. ಲೋಹ ತಾನು ಖರ್ಚಾಗುವುದಿಲ್ಲ, ನಡೆಯಬೇಕಾದ ಕ್ರಿಯೆಯನ್ನು ಕಡಿಮೆ ಶಾಖದಲ್ಲಿ, ಬೇಗ ನಡೆಯುವಂತೆ ಮಾಡುತ್ತದೆ. ಶಾಲೆಯ ಪುಸ್ತಕದಲ್ಲಿ ನೀವು ಓದಿರುವ ವೇಗವರ್ಧಕ ಇದೇ.

ಇಲ್ಲಿ ಒಂದು ಮಾತು ಗಮನಿಸಿ. ನೈಟ್ರೋಜನ್ ಆಕ್ಸೈಡ್ ಹುಟ್ಟುವುದು ಇಂಧನದಿಂದಲ್ಲ, ಗಾಳಿಯಿಂದ. ಗ್ಯಾಸ್ ಎಷ್ಟು ಶುದ್ಧವಾಗಿದ್ದರೂ ಎಂಜಿನ್ನಿಗೆ ಗಾಳಿ ಬೇಕು, ಶಾಖವೂ ಬೇಕು, ಆದ್ದರಿಂದ ಅದು ಹುಟ್ಟಿಯೇ ತೀರುತ್ತದೆ. ವರ್ಕ್‌ಶಾಪಿನವರ ವಾದ ಇಷ್ಟಕ್ಕೇ ಬಿದ್ದುಹೋಗುತ್ತದೆ. ಆದರೂ ನಿಮ್ಮ ನಿಜವಾದ ಪ್ರಶ್ನೆ ಹೈಡ್ರೊಕಾರ್ಬನ್ನಿನ ಬಗ್ಗೆ ಇರುವುದರಿಂದ ಅಲ್ಲಿಗೇ ಹೋಗೋಣ.

ಸಿಎನ್‌ಜಿ ಬಹುಪಾಲು ಮೀಥೇನ್. ಒಂದು ಇಂಗಾಲ, ಅದರ ಸುತ್ತ ನಾಲ್ಕು ಜಲಜನಕ. ಎಲ್ಲ ಹೈಡ್ರೊಕಾರ್ಬನ್ನುಗಳಲ್ಲಿ ಇದೇ ಚಿಕ್ಕದು, ಕನ್ವರ್ಟರಿನಲ್ಲಿ ಸುಡಲು ಇದೇ ಗಟ್ಟಿ. ಅದರಿಂದ ಮೊದಲ ಜಲಜನಕವನ್ನು ಕೀಳಲು ಒಂದು ಮೋಲ್‌ಗೆ ಸುಮಾರು 439 ಕಿಲೋಜೌಲ್ ಶಕ್ತಿ ಬೇಕು. ಅಡುಗೆ ಅನಿಲದಲ್ಲಿರುವ ಪ್ರೊಪೇನಿನ ನಡುವಣ ಇಂಗಾಲದಿಂದ ಕೀಳಲು ಸುಮಾರು 410 ಸಾಕು. ಸಂಖ್ಯೆಯಲ್ಲಿ ಅಂತರ ಸಣ್ಣದಾಗಿ ಕಂಡರೂ ಕ್ರಿಯೆಯ ವೇಗದಲ್ಲಿ ಅದು ಬಹಳ ದೊಡ್ಡದಾಗುತ್ತದೆ. ಜೊತೆಗೆ ಮೀಥೇನ್ ಅಣು ಎಲ್ಲ ಕಡೆಯಿಂದಲೂ ಒಂದೇ ರೂಪದ್ದು. ಲೋಹದ ಮೇಲ್ಮೈಗೆ ಹಿಡಿದುಕೊಳ್ಳಲು ಅದರಲ್ಲಿ ಹಿಡಿ ಸಿಗುವುದಿಲ್ಲ, ತಾಗಿ ಜಾರಿಹೋಗುತ್ತದೆ. ಬಚ್ಚಲ ಒಲೆಯಲ್ಲಿ ಒಣ ತೆಂಗಿನ ಗರಿಗೆ ಕಡ್ಡಿ ಗೀರಿದರೆ ಸಾಕು, ಹಲಸಿನ ಕೊರಡು ಹತ್ತಿಕೊಳ್ಳಬೇಕಾದರೆ ಒಲೆಯೇ ಕಾದು ಕೆಂಡ ಕಟ್ಟಿರಬೇಕು. ಪೆಟ್ರೋಲಿನ ಹೈಡ್ರೊಕಾರ್ಬನ್ನುಗಳು ಗರಿಯಾದರೆ ಮೀಥೇನ್ ಕೊರಡು.

ಡಿಗ್ರಿಯ ಲೆಕ್ಕದಲ್ಲಿ ಹೇಳುವುದಾದರೆ, ಪೆಟ್ರೋಲ್ ಕಾರಿನ ಕನ್ವರ್ಟರ್ 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಕೆಲಸ ಶುರುಮಾಡುತ್ತದೆ. ಮೀಥೇನನ್ನು ಸರಿಯಾಗಿ ಸುಡಬೇಕಾದರೆ 400 ಡಿಗ್ರಿ ದಾಟಬೇಕು. ಕನ್ವರ್ಟರ್ ಹಳೆಯದಾದಂತೆ ಈ ಗೆರೆ 500ರ ಕಡೆಗೆ ಏರುತ್ತದೆ. ಕೊಚ್ಚಿಯ ವೈಟ್ಟಿಲ ಜಂಕ್ಷನ್ನಿನಲ್ಲೋ ಇಡಪ್ಪಳ್ಳಿಯಲ್ಲೋ ಸಿಗ್ನಲ್ಲಿಗೆ ಕಾಯುತ್ತ ನಿಂತ ಸಿಎನ್‌ಜಿ ಆಟೊ ಒಂದನ್ನು ನೆನೆಯಿರಿ. ಎಂಜಿನ್ ಐಡ್ಲಿಂಗ್‌ನಲ್ಲಿದೆ, ಹೊಗೆಯ ಪ್ರಮಾಣ ಕಡಿಮೆ, ಅದರ ಶಾಖವೂ ಇಳಿದಿದೆ. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಸುಡುವಷ್ಟು ಬಿಸಿ ಇನ್ನೂ ಉಳಿದಿರುತ್ತದೆ, ಮೀಥೇನ್ ಸುಡುವಷ್ಟು ಉಳಿದಿರುವುದಿಲ್ಲ. ಆಫೀಸಿಗೂ ಮನೆಗೂ ನಡುವೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನ ಕಥೆಯೂ ಇದೇ. ಪೆಟ್ರೋಲ್-ಸಿಎನ್‌ಜಿ ಕಾರುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ತಾವೇ ಗ್ಯಾಸಿಗೆ ಬದಲಾಗುತ್ತವೆ. ಕನ್ವರ್ಟರಿನ ದೃಷ್ಟಿಯಿಂದಲೂ ಅದು ಒಳ್ಳೆಯ ಏರ್ಪಾಡು. ಬೇಗ ಹತ್ತಿಕೊಳ್ಳುವ ಇಂಧನದಿಂದ ಕನ್ವರ್ಟರನ್ನು ಮೊದಲು ಕಾಯಿಸಿದಂತಾಗುತ್ತದೆ.

ಮೀಥೇನಿಗೆ ಸರಿಯಾಗಿ ಒಗ್ಗುವ ಲೋಹ ಪಲ್ಲಾಡಿಯಂ. ಅದು ಆಮ್ಲಜನಕದೊಂದಿಗೆ ಸೇರಿ ಪಲ್ಲಾಡಿಯಂ ಆಕ್ಸೈಡ್ ಆಗಿದ್ದಾಗ ಮೀಥೇನಿನ ಜಲಜನಕವನ್ನು ಕೀಳುವುದರಲ್ಲಿ ಪ್ಲಾಟಿನಂ, ರೋಡಿಯಂ ಎರಡಕ್ಕಿಂತ ಮೇಲು. ಹೀಗಾಗಿ ಗ್ಯಾಸ್ ಗಾಡಿಗೆಂದೇ ರೂಪಿಸಿದ ಕನ್ವರ್ಟರಿನಲ್ಲಿ ಪಲ್ಲಾಡಿಯಂ ಹೆಚ್ಚು ಹಾಕುತ್ತಾರೆ. ಹಳೆಯ ಪೆಟ್ರೋಲ್ ಕಾರಿಗೆ ಹೊರಗಡೆ ಗ್ಯಾಸ್ ಕಿಟ್ ಕೂರಿಸಿದಾಗ ಬರುವ ತೊಂದರೆಯೂ ಇಲ್ಲೇ. ಕಿಟ್ ಹೊಸದು, ಕನ್ವರ್ಟರ್ ಮಾತ್ರ ಪೆಟ್ರೋಲಿಗೆಂದು ಲೆಕ್ಕಹಾಕಿದ್ದು. ಕಾರ್ಬನ್ ಮೊನಾಕ್ಸೈಡನ್ನು ಅದು ನಿಭಾಯಿಸುತ್ತದೆ, ಮೀಥೇನನ್ನು ಅಷ್ಟಾಗಿ ನಿಭಾಯಿಸಲಾರದು.

ಲೇಪದಲ್ಲಿ ಲೋಹಗಳ ಜೊತೆಗೆ ಸೀರಿಯಂ ಆಕ್ಸೈಡ್ ಎಂಬ ಇನ್ನೊಂದು ವಸ್ತುವೂ ಇರುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುವುದು ಇದರ ಗುಣ. ಕೇರಳದ ಓದುಗರಿಗೆ ಇದರ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸೀರಿಯಂ ಸಿಗುವ ಮುಖ್ಯ ಖನಿಜಗಳಲ್ಲಿ ಮೊನಜೈಟ್ ಒಂದು, ಅದು ಕೊಲ್ಲಂ ಜಿಲ್ಲೆಯ ಚವರದ ಕಡಲತೀರದ ಕಪ್ಪು ಮರಳಿನಲ್ಲಿದೆ. ಮೊನಜೈಟನ್ನು ಸಂಸ್ಕರಿಸಲು ಸರಕಾರಿ ಕಾರ್ಖಾನೆ ಕೊಚ್ಚಿಯ ಪಕ್ಕದ ಆಲುವಾದಲ್ಲಿ 1952ರಲ್ಲೇ ಶುರುವಾಯಿತು. ತಿರುವನಂತಪುರದಿಂದ ಕೊಚ್ಚಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಚವರವನ್ನು ಹಾದೇ ಬರುತ್ತದೆ. ಯಾವ ಕಾರಿನಲ್ಲಿ ಎಲ್ಲಿಯ ಸೀರಿಯಂ ಇದೆಯೆಂದು ಹೇಳಲಾಗದು, ಆದರೆ ಆ ದಾರಿಯಲ್ಲಿ ಹೋಗುವ ಗಾಡಿಗಳ ಹೊಟ್ಟೆಯೊಳಗಿನ ಒಂದು ಧಾತು ಆ ದಾರಿಯ ಬದಿಯ ಮರಳಿನಲ್ಲೂ ಇದೆ.

ಈಗ ಗಾಳಿಯ ಲೆಕ್ಕಕ್ಕೆ ಬರುತ್ತೇನೆ. ನಿಮ್ಮ ಮಗನ ಗಾಡಿಯ ಮಿಸ್ಸಿಂಗಿಗೂ ಕನ್ವರ್ಟರಿಗೂ ಇರುವ ಸಂಬಂಧ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಮೀಥೇನಿಗೆ ಸುಮಾರು 17.2 ಕಿಲೋ. ಇಂಧನಕ್ಕೆ ತಕ್ಕಷ್ಟೇ ಗಾಳಿ ಇದ್ದಾಗ ಆ ಅನುಪಾತವನ್ನು ಲ್ಯಾಮ್ಡಾ 1 ಎಂದು ಕರೆಯುತ್ತಾರೆ. ಕನ್ವರ್ಟರ್ ತನ್ನ ಮೂರೂ ಕೆಲಸವನ್ನು ಚೆನ್ನಾಗಿ ಮಾಡುವುದು ಈ ಒಂದರ ಆಸುಪಾಸಿನ ಬಹಳ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಗ್ಯಾಸಿನಲ್ಲಿ ಆ ಪಟ್ಟಿ ಇನ್ನೂ ಕಿರಿದು, ಮತ್ತು ಕೂದಲೆಳೆಯಷ್ಟು ಇಂಧನ ಹೆಚ್ಚಿರುವ ಕಡೆಗೆ ಸರಿದಿರುತ್ತದೆ. ಗಾಳಿ ಸ್ವಲ್ಪ ಹೆಚ್ಚಾದರೂ ನೈಟ್ರೋಜನ್ ಆಕ್ಸೈಡ್ ಉಳಿದುಬಿಡುತ್ತದೆ, ಮೀಥೇನ್ ಸುಡುವುದೂ ಕುಗ್ಗುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಇಂಧನ ಚೆನ್ನಾಗಿ ಸುಡಬೇಕಲ್ಲ ಎಂದು ನೀವು ಕೇಳಬಹುದು. ಪಲ್ಲಾಡಿಯಂ ಮೇಲೆ ಆಮ್ಲಜನಕ ದಟ್ಟವಾಗಿ ಕೂತುಬಿಟ್ಟರೆ ಮೀಥೇನಿಗೆ ಜಾಗ ಸಿಗುವುದಿಲ್ಲ. ಇಂಧನ ತುಸು ಹೆಚ್ಚಿದ್ದಾಗ ಮೀಥೇನ್ ನೀರಾವಿಯೊಂದಿಗೂ ಕ್ರಿಯೆ ನಡೆಸಿ ಜಲಜನಕವಾಗಿ, ಕಾರ್ಬನ್ ಮೊನಾಕ್ಸೈಡಾಗಿ ಒಡೆಯುತ್ತದೆ, ಅವೆರಡೂ ಸುಲಭವಾಗಿ ಸುಟ್ಟುಹೋಗುತ್ತವೆ.

ಈ ಪಟ್ಟಿಯನ್ನು ಹಿಡಿದಿಡುವುದು ಕನ್ವರ್ಟರಿನ ಮುಂದೆ ಕೂರಿಸಿರುವ ಆಕ್ಸಿಜನ್ ಸೆನ್ಸರ್. ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಕಂಪ್ಯೂಟರಿಗೆ ಸುದ್ದಿ ಕೊಡುತ್ತಿರುತ್ತದೆ. ಮಿಸ್ಸಿಂಗ್ ಹೊಡೆದಾಗ ಏನಾಗುತ್ತದೆ ನೋಡಿ. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳಲಿಲ್ಲ. ಅದರಲ್ಲಿದ್ದ ಗ್ಯಾಸೂ ಗಾಳಿಯೂ ಉರಿಯದೆ ಹಾಗೇ ಕನ್ವರ್ಟರಿಗೆ ಬಂದವು. ಉಳಿದ ಆಮ್ಲಜನಕವನ್ನು ಕಂಡ ಸೆನ್ಸರ್ ಗಾಳಿ ಹೆಚ್ಚಾಯಿತೆಂದು ತಪ್ಪು ತಿಳಿದು ಇನ್ನಷ್ಟು ಇಂಧನ ಕೇಳಿತು. ಕನ್ವರ್ಟರ್ ಬಿಸಿಯಾಗಿದ್ದರೆ ಈ ಇಂಧನ ಅಲ್ಲೇ ಹೊತ್ತಿಕೊಂಡು ಉರಿಯುತ್ತದೆ, ಶಾಖ 1000 ಡಿಗ್ರಿ ದಾಟಿಹೋಗಬಹುದು. ಆ ಶಾಖಕ್ಕೆ ಲೋಹದ ಸೂಕ್ಷ್ಮ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಲೋಹ ಅಷ್ಟೇ ಇದ್ದರೂ ಹೊಗೆಗೆ ತಾಗುವ ಮೇಲ್ಮೈ ಕಡಿಮೆಯಾಗುತ್ತದೆ. ಇನ್ನೂ ಹೆಚ್ಚಾದರೆ ಇಟ್ಟಿಗೆಯೇ ಕರಗಿ ಕೊಳವೆಗಳು ಮುಚ್ಚಿ, ಹೊಗೆಗೆ ದಾರಿ ಸಿಗದೆ ಗಾಡಿಯ ಪಿಕಪ್ ಹೋಗುತ್ತದೆ.

ಅಂದರೆ ನಿಮ್ಮ ಮಗನ ಗಾಡಿಯಲ್ಲಿ ಕನ್ವರ್ಟರ್ ಕೆಟ್ಟದ್ದರಿಂದ ಮಿಸ್ಸಿಂಗ್ ಬಂದಿರುವುದಕ್ಕಿಂತ, ಮಿಸ್ಸಿಂಗ್ ಬಂದದ್ದರಿಂದ ಕನ್ವರ್ಟರ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಗ್ಯಾಸ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿ ಸವೆದು ಗ್ಯಾಪ್ ಅಗಲವಾದರೆ, ಕಾಯಿಲ್ ಸೊರಗಿದರೆ, ಪೆಟ್ರೋಲಿನಲ್ಲಿ ಸರಿಯಾಗೇ ಓಡುವ ಗಾಡಿ ಗ್ಯಾಸಿಗೆ ಹಾಕಿದ ಕೂಡಲೇ ಮಿಸ್ಸಿಂಗ್ ಹೊಡೆಯುತ್ತದೆ. ಗ್ಯಾಸ್ ಗಾಡಿಗೆ ಪ್ಲಗ್ ಬೇಗ ಬದಲಿಸಿ ಎಂದು ಮೆಕ್ಯಾನಿಕ್‌ಗಳು ಹೇಳುವುದಕ್ಕೆ ಕಾರಣ ಇದೇ. ಕೆಲವು ನೂರು ರೂಪಾಯಿಯ ಪ್ಲಗ್ಗನ್ನು ಮುಂದೂಡಿ ಹತ್ತಾರು ಸಾವಿರದ ಕನ್ವರ್ಟರನ್ನು ಕಳೆದುಕೊಳ್ಳುವುದು ಬೇಸರದ ಸಂಗತಿ.

ಇನ್ನು ನೀರಿನ ವಿಷಯ. ಈ ಗೊಂದಲ ತುಂಬ ಜನರಿಗಿದೆ, ಬಿಡಿಸಿ ಹೇಳುತ್ತೇನೆ. ಸೈಲೆನ್ಸರಿನಿಂದ ತೊಟ್ಟಿಕ್ಕುವ ನೀರು ಕೊಚ್ಚಿಯ ಹವೆಯಿಂದ ಬಂದದ್ದಲ್ಲ, ಎಂಜಿನ್ನಿನಲ್ಲಿ ಏನೋ ಸೋರುತ್ತಿದೆ ಎಂಬ ಸೂಚನೆಯೂ ಅಲ್ಲ. ಇಂಧನ ಉರಿದಾಗಲೇ ಆ ನೀರು ಹುಟ್ಟುತ್ತದೆ. ಒಂದು ಮೀಥೇನ್ ಅಣು ಉರಿದರೆ ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರು. ಗಾಳಿಯ ಸಾರಜನಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಿಎನ್‌ಜಿ ಹೊಗೆಯ ಸುಮಾರು ಶೇ. 19ರಷ್ಟು ಭಾಗ ನೀರಾವಿ. ಪೆಟ್ರೋಲಿನಲ್ಲಿ ಅದು ಶೇ. 12-13. ಬೆಳಿಗ್ಗೆ ಸೈಲೆನ್ಸರ್ ತಣ್ಣಗಿರುವುದರಿಂದ ಆವಿ ಅಲ್ಲೇ ಹನಿಗಟ್ಟಿ ಸೋರುತ್ತದೆ, ಪೈಪ್ ಬಿಸಿಯಾದ ಮೇಲೆ ನಿಲ್ಲುತ್ತದೆ. ಮಳೆಗಾಲದ ತೇವ ಇದರ ಮುಂದೆ ಏನೇನೂ ಅಲ್ಲ.

ಆದರೆ ನಿಮ್ಮ ಊಹೆಯಲ್ಲಿ ಒಂದು ಎಳೆ ಸರಿಯಾಗಿದೆ. ನೀರು ಪಲ್ಲಾಡಿಯಂಗೆ ತೊಡಕೇ. ಹನಿಯಾಗಿ ತೋಯಿಸಿ ಅಲ್ಲ, ಆವಿಯಾಗಿ. ನೀರಾವಿಯ ಅಣುಗಳು ಪಲ್ಲಾಡಿಯಂ ಆಕ್ಸೈಡಿನ ಮೇಲ್ಮೈಯನ್ನು ಹಿಡಿದು ಕೂತು ಮೀಥೇನಿಗೆ ಜಾಗ ಬಿಡುವುದಿಲ್ಲ. ಶಾಖ ಕಡಿಮೆ ಇದ್ದಷ್ಟೂ ಈ ಅಡ್ಡಿ ಹೆಚ್ಚು, ಚೆನ್ನಾಗಿ ಕಾದಾಗ ಆವಿ ಬಿಟ್ಟುಹೋಗುತ್ತದೆ. ಮೀಥೇನಿನ ದಹನಕ್ಕೆ ಮೀಥೇನಿನಿಂದಲೇ ಹುಟ್ಟಿದ ನೀರು ತಡೆಯಾಗುವುದು ಈ ಕ್ಷೇತ್ರದ ರಸಾಯನ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡಿರುವ ಸಮಸ್ಯೆ. ಅಲ್ಯೂಮಿನದ ಬದಲು ಬೇರೆ ಲೇಪಗಳು, ಪಲ್ಲಾಡಿಯಂಗೆ ಸ್ವಲ್ಪ ಪ್ಲಾಟಿನಂ ಬೆರೆಸುವುದು ಮುಂತಾದ ಪ್ರಯತ್ನಗಳೆಲ್ಲ ಇದಕ್ಕಾಗಿಯೇ.

ನೀರಿಗಿಂತ ಕೆಟ್ಟದ್ದು ಗಂಧಕ. ಅದು ಪಲ್ಲಾಡಿಯಂ ಜೊತೆ ಸೇರಿ ಸಲ್ಫೇಟ್ ಆಗಿ ಅಂಟಿಕೊಳ್ಳುತ್ತದೆ, ನೀರಿನ ಹಾಗೆ ತಾನಾಗಿ ಬಿಟ್ಟುಹೋಗುವುದಿಲ್ಲ. ಹೊಗೆಯಲ್ಲಿ ಹತ್ತು ಲಕ್ಷದಲ್ಲಿ ಒಂದು ಭಾಗ ಸಲ್ಫರ್ ಡೈಆಕ್ಸೈಡ್ ಇದ್ದರೂ ಮೀಥೇನ್ ಸುಡುವ ಶಕ್ತಿ ಕಾಣುವಷ್ಟು ಕುಗ್ಗುತ್ತದೆ. ಈ ಗಂಧಕ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ನಿಮ್ಮ ಕಡೆಯ ಗ್ಯಾಸ್ ಬರುವ ದಾರಿಯನ್ನು ನೋಡಬೇಕು.

ಕೊಚ್ಚಿಯ ಪುದುವೈಪ್‌ನಲ್ಲಿ 2013ರಲ್ಲಿ ಶುರುವಾದ ಪೆಟ್ರೋನೆಟ್ ಎಲ್‌ಎನ್‌ಜಿ ಟರ್ಮಿನಲ್ ಇದೆ, ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ್ದು. ವಿದೇಶದಿಂದ ಹಡಗಿನಲ್ಲಿ ಬರುವ ನೈಸರ್ಗಿಕ ಅನಿಲ ಅಲ್ಲಿ ಸುಮಾರು ಮೈನಸ್ 160 ಡಿಗ್ರಿಯಲ್ಲಿ ದ್ರವವಾಗಿರುತ್ತದೆ. ಅದನ್ನು ಮತ್ತೆ ಆವಿ ಮಾಡಿ ಪೈಪಿಗೆ ಬಿಡುತ್ತಾರೆ. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಪೈಪ್‌ಲೈನ್ ನಿಮ್ಮ ಕಾಸರಗೋಡು ಜಿಲ್ಲೆಯನ್ನು ಹಾದೇ ಹೋಗುತ್ತದೆ. ಎರ್ನಾಕುಳಂನಲ್ಲಿ 2018ರಿಂದ ಸಿಎನ್‌ಜಿ ಬಂಕ್‌ಗಳಿವೆ. ದ್ರವ ಮಾಡುವ ಮೊದಲೇ ಅನಿಲದಲ್ಲಿನ ನೀರು, ಕಾರ್ಬನ್ ಡೈಆಕ್ಸೈಡ್, ಗಂಧಕದ ಸಂಯುಕ್ತಗಳನ್ನೆಲ್ಲ ತೆಗೆದಿರುತ್ತಾರೆ, ಇಲ್ಲದಿದ್ದರೆ ಅವು ಹೆಪ್ಪುಗಟ್ಟಿ ಯಂತ್ರಗಳನ್ನು ಕಟ್ಟಿಹಾಕುತ್ತವೆ. ಹೀಗಾಗಿ ಪುದುವೈಪ್‌ನಿಂದ ಹೊರಡುವ ಗ್ಯಾಸಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಶುದ್ಧ ಮೀಥೇನಿಗೆ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ಊರಿಗೆ ಹಂಚುವ ಗ್ಯಾಸಿಗೆ ಮರ್ಕ್ಯಾಪ್ಟನ್‌ನಂಥ ಘಾಟು ವಸ್ತುವನ್ನು ಸೇರಿಸುತ್ತಾರೆ. ಆ ಘಾಟು ಗಂಧಕದ್ದೇ. ಜೀವ ಉಳಿಸುವ ವಾಸನೆ ಅದು, ಬೇಡವೆನ್ನಲಾಗದು, ಪ್ರಮಾಣವೂ ಅತ್ಯಲ್ಪ. ಎರಡನೆಯ ಮೂಲ ಎಂಜಿನ್ ಆಯಿಲ್. ಆಯಿಲಿನಲ್ಲಿ ಸವಕಳಿ ತಡೆಯಲು ಹಾಕುವ ಸತು ಮತ್ತು ರಂಜಕದ ಸಂಯುಕ್ತದಲ್ಲೂ ಗಂಧಕವಿದೆ. ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಗಂಧಕದ ಜೊತೆಗೆ ರಂಜಕ, ಸತು, ಕ್ಯಾಲ್ಸಿಯಂ ಬೂದಿಯೂ ಕನ್ವರ್ಟರಿನ ಗೋಡೆಗಳ ಮೇಲೆ ಪದರ ಕಟ್ಟುತ್ತದೆ. ಆ ಪದರವನ್ನು ಯಾವ ಶಾಖವೂ ತೆಗೆಯಲಾರದು. ಗ್ಯಾಸ್ ಎಂಜಿನ್‌ಗೆ ಕಡಿಮೆ ಬೂದಿಯ ಆಯಿಲ್ ಹಾಕಬೇಕೆನ್ನುವುದಕ್ಕೆ ಇದು ಒಂದು ಮುಖ್ಯ ಕಾರಣ.

ಎಲ್‌ಎನ್‌ಜಿ ಬಸ್ಸಿನ ಬಗ್ಗೆ ನೀವು ಓದಿದ್ದು ಸರಿಯಾಗಿಯೇ ನೆನಪಿದೆ. ದೇಶದ ಮೊದಲ ಎಲ್‌ಎನ್‌ಜಿ ಬಸ್ಸಿಗೆ 2016ರ ನವೆಂಬರಿನಲ್ಲಿ ತಿರುವನಂತಪುರದಲ್ಲೇ ಚಾಲನೆ ಕೊಟ್ಟರು. ಟಾಟಾ ಮೋಟರ್ಸ್ ತಯಾರಿಸಿದ ಬಸ್ಸು ಅದು. ಮುಂದೆ 2021ರ ಜೂನ್ 21ರಂದು ಕೇರಳ ಸಾರಿಗೆ ಸಂಸ್ಥೆ ತಿರುವನಂತಪುರದಿಂದ ಎರ್ನಾಕುಳಂಗೆ ಎಲ್‌ಎನ್‌ಜಿ ಬಸ್ಸನ್ನು ಪ್ರಾಯೋಗಿಕವಾಗಿ ಓಡಿಸಿತು. ರಾಜಧಾನಿಯ ಕಡೆಗೆ ಪೈಪ್‌ಲೈನ್ ಇರಲಿಲ್ಲ, ಪುದುವೈಪ್‌ನಿಂದ ಟ್ಯಾಂಕರಿನಲ್ಲಿ ದ್ರವವಾಗಿಯೇ ಒಯ್ಯುವುದು ಅಲ್ಲಿನ ದಾರಿ. ಬಸ್ಸಿನ ಟ್ಯಾಂಕಿನಲ್ಲಿ ಎಲ್‌ಎನ್‌ಜಿ ದ್ರವವಾಗಿದ್ದರೂ ಎಂಜಿನ್ನಿಗೆ ಹೋಗುವ ಮೊದಲು ಆವಿಯಾಗುತ್ತದೆ, ಉರಿಯುವುದು ಅದೇ ಮೀಥೇನ್. ಆದ್ದರಿಂದ ಕನ್ವರ್ಟರ್ ಅದಕ್ಕೂ ಬೇಕು.

ಅಲ್ಲಿ ಅದರ ಸ್ಥಿತಿ ಎರಡು ರೀತಿಯಲ್ಲಿ ಉತ್ತಮ. ಅಷ್ಟು ತಣ್ಣನೆಯ ದ್ರವದಲ್ಲಿ ಮರ್ಕ್ಯಾಪ್ಟನ್ ಹೆಪ್ಪುಗಟ್ಟಿಬಿಡುವುದರಿಂದ ಎಲ್‌ಎನ್‌ಜಿಗೆ ವಾಸನೆ ಸೇರಿಸುವುದಿಲ್ಲ. ಸೋರಿಕೆ ಪತ್ತೆಗೆ ಬಸ್ಸಿನಲ್ಲಿ ಮೀಥೇನ್ ಡಿಟೆಕ್ಟರ್ ಇರುತ್ತದೆ. ಇಂಧನದ ಕಡೆಯಿಂದ ಗಂಧಕ ಬರುವುದೇ ಇಲ್ಲವೆನ್ನಬಹುದು, ಬಂದರೆ ಹೆಚ್ಚಾಗಿ ಆಯಿಲಿನಿಂದ. ಎರಡನೆಯದಾಗಿ, ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಕನ್ವರ್ಟರ್ ಗಂಟೆಗಟ್ಟಲೆ ಬಿಸಿಯಾಗಿಯೇ ಉಳಿಯುತ್ತದೆ. ಮೀಥೇನಿಗೆ ಅದೇ ಬೇಕಾದದ್ದು. ಸಿಎನ್‌ಜಿ ಆಟೊ ಮತ್ತು ಸಿಟಿ ಬಸ್ಸುಗಳಿಗೆ ಈ ಭಾಗ್ಯವಿಲ್ಲ.

ದೊಡ್ಡ ಗಾಡಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಿಂದಿನ ತಲೆಮಾರಿನ ಗ್ಯಾಸ್ ಬಸ್ಸುಗಳಲ್ಲಿ ಹಲವು, ಗಾಳಿ ಹೆಚ್ಚು ಇಂಧನ ಕಡಿಮೆ ಇಟ್ಟು ಉರಿಸುವ ಲೀನ್ ಬರ್ನ್ ಬಗೆಯವು. ಇಂಧನ ಉಳಿಯುತ್ತಿತ್ತು, ಹೊಗೆ ಮಾತ್ರ ತಣ್ಣಗೆ. ಅದರಲ್ಲಿ ಮೀಥೇನ್ ಸುಡುವುದು ಕಷ್ಟ, ನೈಟ್ರೋಜನ್ ಆಕ್ಸೈಡನ್ನು ತ್ರೀ-ವೇ ಕನ್ವರ್ಟರ್ ಮುಟ್ಟುವಂತೆಯೇ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6 ನಿಯಮದಲ್ಲಿ ಭಾರಿ ಗ್ಯಾಸ್ ಎಂಜಿನ್‌ಗಳಿಗೆ ಮೀಥೇನಿನದ್ದೇ ಪ್ರತ್ಯೇಕ ಮಿತಿ ಇದೆ, ಒಂದು ಕಿಲೋವಾಟ್-ಗಂಟೆಗೆ 0.5 ಗ್ರಾಂ. ಇದನ್ನು ಮುಟ್ಟಲು ತಯಾರಕರು ಹೆಚ್ಚಾಗಿ ಲ್ಯಾಮ್ಡಾ 1ರಲ್ಲಿ ಉರಿಸಿ ತ್ರೀ-ವೇ ಕನ್ವರ್ಟರ್ ಹಾಕುವ ದಾರಿ ಹಿಡಿದರು. ಇದರಲ್ಲಿ ಹೊಗೆ ಬಿಸಿ, ಆಗಾಗ ಇಂಧನ ತುಸು ಹೆಚ್ಚಾಗುವ ಕ್ಷಣಗಳಲ್ಲಿ ಅಂಟಿದ ಗಂಧಕವೂ ಸ್ವಲ್ಪಮಟ್ಟಿಗೆ ಬಿಟ್ಟುಹೋಗುತ್ತದೆ.

ಮೀಥೇನ್ ವಿಷವಲ್ಲ, ಉಸಿರಾಡಿದರೆ ಕೆಮ್ಮು ಬರುವುದಿಲ್ಲ, ಅದರ ಚಿಂತೆ ಯಾಕೆ ಎಂದು ನೀವು ಕೇಳಬಹುದು. ಈ ಲೆಕ್ಕ ನೋಡಿ. ಒಂದು ಕಿಲೋ ಮೀಥೇನ್ ಉರಿದರೆ 2.75 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದೇ ಮೀಥೇನ್ ಉರಿಯದೆ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿನ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಕಿಲೋಗೆ ಶೇ. 1ರಷ್ಟು, ಅಂದರೆ ಹತ್ತು ಗ್ರಾಂ ಉರಿಯದೆ ಹೋದರೂ ಅದು 280 ಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮ, 2.75 ಕಿಲೋದ ಹತ್ತನೆಯ ಒಂದು ಭಾಗ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80 ಪಟ್ಟು, ಆಗ ಸುಮಾರು ಮೂರನೆಯ ಒಂದು ಭಾಗದ ಹತ್ತಿರ. ಪೆಟ್ರೋಲಿಗೆ ಹೋಲಿಸಿದರೆ ಗ್ಯಾಸಿನಿಂದ ಆಗುವ ಕಾರ್ಬನ್ ಡೈಆಕ್ಸೈಡ್ ಉಳಿತಾಯವೇ ಶೇ. 20-25. ಕನ್ವರ್ಟರ್ ಕಿತ್ತುಹಾಕಿದ ಗಾಡಿ ಆ ಉಳಿತಾಯದ ದೊಡ್ಡ ಪಾಲನ್ನು ತಾನೇ ತಿಂದುಹಾಕಬಹುದು.

ಎಮಿಷನ್ ಟೆಸ್ಟಿನಲ್ಲಿ ಪಾಸಾದರೆ ಸಾಕಲ್ಲವೇ ಎಂಬ ವಾದವೂ ಇದೆ. ಭಾರತ್ ಸ್ಟೇಜ್ 4 ಮತ್ತು ನಂತರದ ನಾಲ್ಕು ಚಕ್ರದ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೊಕಾರ್ಬನ್ 200 ಪಿಪಿಎಂ ಮಿತಿ. ಸಿಎನ್‌ಜಿ ಗಾಡಿಯಾದರೆ ಯಂತ್ರ ತೋರಿಸಿದ ಹೈಡ್ರೊಕಾರ್ಬನ್ ಸಂಖ್ಯೆಯನ್ನು 0.3ರಿಂದ ಗುಣಿಸಿ, ಬಂದದ್ದನ್ನು ಮೀಥೇನೇತರ ಹೈಡ್ರೊಕಾರ್ಬನ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದದ್ದು ಮೀಥೇನ್ ಎಂದು ಬಿಟ್ಟುಬಿಡುತ್ತಾರೆ. ಊರಿನ ಗಾಳಿಯ ಆರೋಗ್ಯದ ದೃಷ್ಟಿಯಿಂದ ಆ ಪದ್ಧತಿಗೆ ಅರ್ಥವಿದೆ. ಆದರೆ ಮೀಥೇನ್ ಸುಡುವ ಶಕ್ತಿ ಕುಂದಿದ ಕನ್ವರ್ಟರ್ ಇಟ್ಟುಕೊಂಡೂ ಸರ್ಟಿಫಿಕೇಟ್ ಪಡೆಯಲು ಅದು ಅವಕಾಶ ಕೊಡುತ್ತದೆ. ಗ್ಯಾಸ್ ಗಾಡಿಗಳ ಸಂಖ್ಯೆ ಏರುತ್ತಿರುವ ಈ ಹೊತ್ತಿನಲ್ಲಿ ಓಡುವ ಗಾಡಿಯ ಮೀಥೇನನ್ನೂ ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಮಗ ಮಾಡಬೇಕಾದದ್ದು. ಮೊದಲು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಲಿ. ಪಿ0300 ಬಂದರೆ ಮಿಸ್ಸಿಂಗ್, ಪಿ0420 ಬಂದರೆ ಕನ್ವರ್ಟರಿನ ದಕ್ಷತೆ ಕಡಿಮೆ ಎಂದು ಅರ್ಥ. ಎರಡೂ ಒಟ್ಟಿಗೆ ಬಂದಿದ್ದರೆ ಮಿಸ್ಸಿಂಗನ್ನು ಮೊದಲು ಸರಿಪಡಿಸಬೇಕು: ಪ್ಲಗ್, ಕಾಯಿಲ್, ಗ್ಯಾಸ್ ಫಿಲ್ಟರ್, ಇಂಜೆಕ್ಟರ್, ಈ ಕ್ರಮದಲ್ಲಿ. ಆಕ್ಸಿಜನ್ ಸೆನ್ಸರನ್ನೂ, ಅದರ ಮುಂದೆ ಪೈಪಿನಲ್ಲಿ ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂಬುದನ್ನೂ ನೋಡಿಸಲಿ. ಇವೆಲ್ಲ ಆದ ಮೇಲೆ ಕೋಡ್ ಅಳಿಸಿ ಕೆಲವು ದಿನ ಓಡಿಸಿದರೆ ಪಿ0420 ಮತ್ತೆ ಬಾರದೆಯೂ ಇರಬಹುದು.

ಗಾಡಿ ತಣ್ಣಗಿರುವಾಗ ಕನ್ವರ್ಟರಿನ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿಸಲಿ. ಒಳಗೆ ಗಲಗಲ ಸದ್ದು ಬಂದರೆ ಇಟ್ಟಿಗೆ ಒಡೆದಿದೆ, ಬದಲಿಸುವುದು ಅನಿವಾರ್ಯ. ಸದ್ದಿಲ್ಲದೆ ಪಿಕಪ್ ಮಾತ್ರ ತೀರ ಹೋಗಿದ್ದರೆ ಕರಗಿ ಮುಚ್ಚಿರಬಹುದು, ಹೊಗೆಯ ಒತ್ತಡ ಅಳೆದರೆ ತಿಳಿಯುತ್ತದೆ. ಬದಲಿಸುವಾಗ ಅದೇ ಮಾದರಿಯ ಸಿಎನ್‌ಜಿ ಗಾಡಿಗೆಂದು ಕಂಪನಿ ಕೊಟ್ಟ ಕನ್ವರ್ಟರನ್ನೇ ಹಾಕಿಸಬೇಕು. ಅಗ್ಗಕ್ಕೆ ಸಿಗುವ ಪೆಟ್ರೋಲ್ ಮಾದರಿಯದ್ದರಲ್ಲಿ ಮೀಥೇನಿಗೆ ಬೇಕಾದಷ್ಟು ಪಲ್ಲಾಡಿಯಂ ಇರುವುದಿಲ್ಲ. ಪೂರ್ತಿ ತೆಗೆಸಿ ಖಾಲಿ ಪೈಪ್ ಹಾಕಿಸುವುದು ಮೋಟಾರು ವಾಹನ ಕಾಯ್ದೆಗೂ ವಿರುದ್ಧ.

ಮುಂದಿನ ಎಮಿಷನ್ ಟೆಸ್ಟಿನ ಚೀಟಿಯಲ್ಲಿ ಲ್ಯಾಮ್ಡಾ ಎಂಬ ಸಾಲನ್ನು ಅವನು ನೋಡಿಕೊಳ್ಳಲಿ. 2500 ಆರ್‌ಪಿಎಂ ವೇಗದಲ್ಲಿ ಅದು 0.97ಕ್ಕೂ 1.03ಕ್ಕೂ ನಡುವೆ ಇರಬೇಕು. ಗ್ಯಾಸಿನಲ್ಲಿ ಓಡಿಸಿಯೇ ಟೆಸ್ಟ್ ಮಾಡಿಸಬೇಕು, ಪೆಟ್ರೋಲಿಗೆ ಹಾಕಿ ಅಲ್ಲ. ಆ ಸಂಖ್ಯೆ ಈ ಪಟ್ಟಿಯಿಂದ ಹೊರಗಿದ್ದರೆ ಹೊಸ ಕನ್ವರ್ಟರ್ ಹಾಕಿದರೂ ಅದು ಹೆಚ್ಚು ದಿನ ಬಾಳುವುದಿಲ್ಲ. ಗ್ಯಾಸ್ ಕಿಟ್ಟಿನ ಟ್ಯೂನಿಂಗ್ ಮೊದಲು ಸರಿಯಾಗಬೇಕು.